ಬಿಟ್ಟಿ ಕಾಟಾಕ್ಕೆ ಬಂಡವಾಳ

ಬಿಟ್ಟಿ ಕೊಟ್ಟವನಿಗೆ ಬಿಡುವಿಲ್ಲ. ಇದು ಗಾದೆಯೇನಲ್ಲ, ನಾನೇ ಪಟ್ಟ ಪಾಡಿನಿಂದ ಕಟ್ಟಿಕೊಂಡ ಮಾತು. ರೊಕ್ಕ ಕೊಟ್ಟು ಕೊಂಡ ವಸ್ತು ಕೆಟ್ಟರೆ ಮನುಷ್ಯ ಕೆಲವು ದಿನವಾದರೂ ಬಾಯಿಮುಚ್ಚಿಕೊಂಡಿರುತ್ತಾನೆ. ತಾನು ಮೋಸಹೋದದ್ದು ನಾಲ್ಕು ಮಂದಿಗೆ ಗೊತ್ತಾಗಬಾರದೆಂಬ ನಾಚಿಕೆ ಅವನಿಗಿರುತ್ತದೆ. ಬಿಟ್ಟಿ ಬಂದದ್ದಕ್ಕೆ ಆ ನಾಚಿಕೆಯ ಅಡ್ಡಿ ಇಲ್ಲ. ಅದು ಕೆಟ್ಟ ಕ್ಷಣವೇ ಕೊಟ್ಟವನ ಮನೆಯ ಕದ ತಟ್ಟಬಹುದು. ಯಲಬುರ್ಗಾದಲ್ಲಿ ನನ್ನ ಕಾಕಾ ಒಬ್ಬರು ಉಳುಕು ತೆಗೆಯುತ್ತಿದ್ದರು. ರೊಕ್ಕ ಮುಟ್ಟಿದರೆ ಕೈಗುಣ ಹೋಗುತ್ತದೆಂದು ಕಲಿಸಿದವರು ಹೇಳಿದ್ದರಿಂದ ಯಾರಿಂದಲೂ ಒಂದು ತೆಂಗಿನಕಾಯಿಯನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಅವರ ಮುಂದೆ ಕಾಲು ಚಾಚಿ ಕುಳಿತವರ ದರ್ಪ ನೋಡಬೇಕಿತ್ತು. "ಕಾಕಾ, ನಿನ್ನಿ ತೆಗದ್ರಿ, ಇವತ್ತು ಇನ್ನಾ ಚಳಕ್ ಅಂತೈತಿ. ಸರಿಯಾಗಿ ನೋಡ್ರಿ" ಎಂದು ಗದರುತ್ತಿದ್ದರು. ಹಾಗೆ ಗದರಿದವರೇ ಕೊಪ್ಪಳದಲ್ಲಿ ಡಾಕ್ಟರ ಬಾಗಿಲ ಹೊರಗೆ ಬೆಳಗಿನಿಂದ ಮಧ್ಯಾಹ್ನದವರೆಗೆ ಕೈಕಟ್ಟಿ ಕುಳಿತದ್ದನ್ನೂ ನಾನು ಕಂಡಿದ್ದೇನೆ. ಕಂಡೂ ಬುದ್ಧಿ ಕಲಿಯಲಿಲ್ಲ ಎಂಬುದೇ ಈ ಪ್ರಬಂಧದ ವಿಷಯ.

ನಾನು ಗಂಗಾವತಿಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವ ಮಾಸ್ತರ. ಎಂಟು ವರ್ಷಗಳ ಹಿಂದೆ ಗೆಳೆಯ ಮೆಹಬೂಬ್ ಸಾಬ ಒಂದು ಸಂಜೆ ಚಹಾ ಕುಡಿಯುತ್ತ, "ಸರ್ರ, ಮಿಲ್ಲಿನ ಕಾಟಾಕ್ಕ ಒಂದು ಸಾಫ್ಟ್‌ವೇರ್ ಬರಕೊಡ್ರಿ" ಎಂದ. ಲಾರಿ ತೂಗುವ ದೊಡ್ಡ ಕಾಟಾಗಳನ್ನು ರಿಪೇರಿ ಮಾಡುವುದು ಅವನ ಕಸುಬು; ಬಸ್ ನಿಲ್ದಾಣದ ಹತ್ತಿರ ಅಂಗಡಿ ಇದೆ. ತುಂಬಿದ ಲಾರಿಯ ತೂಕದಲ್ಲಿ ಖಾಲಿ ಲಾರಿಯದನ್ನು ಕಳೆದು, ಚೀಲದ ತೂಕ ಕಳೆದು, ಭತ್ತ ಎಷ್ಟು ಹಸಿ ಇದೆಯೋ ಅಷ್ಟಕ್ಕೆ ಇನ್ನಷ್ಟು ಕಳೆದು ಚೀಟಿ ಕೊಡುವ ಸಾಫ್ಟ್‌ವೇರು. ಕಳೆಯುವ ಲೆಕ್ಕವೇ ತಾನೆ ಎಂದು ನಾನು ಒಪ್ಪಿಕೊಂಡೆ. ಬರೆದು ಮುಗಿಸಿದ ಮೇಲೆ ಮತ್ತೊಂದು ಉದಾರತೆ ಮಾಡಿದೆ. ಅದನ್ನು ಓಪನ್ ಸೋರ್ಸ್ ಎಂದು ಸಾರಿ, ಅದರ ಒಳಗಿನ ಕೋಡನ್ನೆಲ್ಲ ಇಂಟರ್ನೆಟ್ಟಿನಲ್ಲಿ ಬಿಚ್ಚಿಟ್ಟೆ. ಯಾರು ಬೇಕಾದರೂ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಕೊಡಬಹುದು. ಹೋಳಿಗೆಯ ಜೊತೆಗೆ ಹೂರಣದ ಗುಟ್ಟನ್ನೂ ಕಟ್ಟಿಕೊಟ್ಟ ಹಾಗೆ. ನಾನು ಅದಕ್ಕೆ 'ತುಲಾ' ಎಂದು ಚೆಂದದ ಹೆಸರಿಟ್ಟಿದ್ದೆ. ಜನ ಅದನ್ನು ಇವತ್ತಿಗೂ 'ಸರ್ರ ಕಾಟಾ' ಎಂದೇ ಕರೆಯುತ್ತಾರೆ.

ಸರ್ರ ಕಾಟಾ ನನಗೆ ಹೇಳದೆ ಕೇಳದೆ ಬೆಳೆಯಿತು. ಸಿದ್ದಾಪುರದ ಮಿಲ್ಲೊಂದರ ಗುಮಾಸ್ತ ಚೀಟಿ ತೆಲುಗಿನಲ್ಲೂ ಬರುವಂತೆ ಮಾಡಿದ. ಯಾವುದೋ ದೇಶದಲ್ಲಿ ಯಾರೋ ಅದರಿಂದ ಗುಜರಿ ಕಬ್ಬಿಣ ತೂಗುತ್ತಿದ್ದಾರೆಂದು ಒಮ್ಮೆ ತಿಳಿದಾಗ ನಾನು ಇಡೀ ದಿನ ಸ್ವಲ್ಪ ಎದೆಯುಬ್ಬಿಸಿಕೊಂಡು ನಡೆದೆ. ಆದರೆ ಬೆಳೆದ ಮಗುವಿನ ಹೊಟ್ಟೆನೋವೆಲ್ಲ ನನ್ನ ಫೋನಿಗೇ ಬರುತ್ತಿತ್ತು. ಸುಗ್ಗಿಯಲ್ಲಿ ಮಿಲ್ಲಿನ ಮುಂದೆ ಲಾರಿಗಳು ಸಾಲುಗಟ್ಟಿದಾಗ, ನಾನು ಕ್ಷೌರದ ಕುರ್ಚಿಯಲ್ಲಿರಲಿ, ತೀರಿಕೊಂಡವರ ಮನೆಯಲ್ಲಿರಲಿ, "ಸರ್ರ, ಕಾಟಾ ನಿಂತೈತಿ" ಎಂಬ ದನಿ ಬಂದೇ ಬರುತ್ತದೆ. "ಸ್ವಿಚ್ ಹಾಕೀರೇನು ನೋಡ್ರಿ" ಎನ್ನುತ್ತೇನೆ. "ತಡೀರಿ" ಎನ್ನುತ್ತಾರೆ. ಆಮೇಲೆ ಫೋನು ಕಟ್ಟಾಗುತ್ತದೆ. ಕಟ್ಟಾದರೆ ಉಪಕಾರವಾಯಿತು ಎಂದು ಅರ್ಥ. ಅನ್ನ ಕಲಸಿ ತುತ್ತು ಎತ್ತುವ ಹೊತ್ತಿಗೆ ಎದ್ದುಹೋಗಿ ಮಾತಾಡಿ ಬಂದು ಒಣಗಿದ ಕೈಯಲ್ಲಿ ಒಣಗಿದ ಅನ್ನ ತಿನ್ನುವುದು ಎಷ್ಟು ರೂಢಿಯಾಗಿದೆಯೆಂದರೆ, ಬಿಸಿ ಅನ್ನ ತಿಂದರೆ ನಾಲಿಗೆ ಸುಡುತ್ತದೆ. ನನ್ನ ಹೆಂಡತಿ ಸರೋಜಾ ಒಮ್ಮೆ ತಣ್ಣಗೆ ಹೇಳಿದಳು: "ಬಿಟ್ಟಿ ಊಟಾ ಹಾಕೋರನ್ನ ಭಾಳ ಮಂದೀನ್ನ ನೋಡೀನ್ರಿ. ಊಟಾ ಹಾಕಿ, ಆಮ್ಯಾಲೆ ಉಂಡೋರ ಮನಿಗೆ ಹೋಗಿ ಗಂಗಾಳಾನೂ ತೊಳದು ಬರೋರನ್ನ ನಿಮ್ಮನ್ನಽ ನೋಡೀನಿ."

ಇಂಥ ಗಂಗಾಳ ತೊಳೆಯುವ ದಿನಗಳಲ್ಲೇ ನಿವೇದಿತಾ ಎಂಬ ಹೆಣ್ಣುಮಗಳು ಬೆಂಗಳೂರಿನಿಂದ ಫೋನು ಮಾಡಿದ್ದು. ಹೊಸ ಕಂಪನಿಗಳಿಗೆ ಬಂಡವಾಳ ಹಾಕುವ ಸಂಸ್ಥೆಯಲ್ಲಿ ಅವರ ಕೆಲಸ. ಬಿಟ್ಟಿಯಾಗಿ ಹರಡಿಕೊಂಡಿರುವ ಸಾಫ್ಟ್‌ವೇರುಗಳನ್ನು ಹುಡುಕಿ, ಅವುಗಳ ಸುತ್ತ ಕಂಪನಿ ಕಟ್ಟಿಸುವುದು ಅವರ ಈಗಿನ ಆಸಕ್ತಿಯಂತೆ. ಅವರು ತಾಳ್ಮೆಯಿಂದ ವಿವರಿಸಿದರು. ಸಾಫ್ಟ್‌ವೇರು ಈಗಿನ ಹಾಗೇ ಎಲ್ಲರಿಗೂ ಬಿಟ್ಟಿ. ಅದನ್ನು ನಡೆಸಿಕೊಡುವುದು, ಲೆಕ್ಕವನ್ನು ಜೋಪಾನವಾಗಿ ಕಾಯುವುದು, ಕರೆದಾಗ ಓಗೊಡುವುದು, ಇದಕ್ಕೆ ಮಾತ್ರ ಕಂಪನಿ ವರ್ಷಕ್ಕಿಷ್ಟು ಎಂದು ತೆಗೆದುಕೊಳ್ಳುತ್ತದೆ. ಕಂಪನಿ ತನ್ನ ಕಾಲ ಮೇಲೆ ನಿಲ್ಲುವವರೆಗೆ ಬಂಡವಾಳ ಅವರದು. ನನ್ನ ಕಿವಿಗೆ ಇದರಲ್ಲಿ ಬಿದ್ದದ್ದು ಒಂದೇ ಮಾತು. "ಕರೆದಾಗ ಓಗೊಡೋಕೆ ಬೇರೆ ಜನ ಇರ್ತಾರಾ?" ಎಂದು ಕೇಳಿದೆ. "ಒಂದು ಟೀಮೇ ಇರುತ್ತೆ ಸರ್" ಎಂದರು. ಮಂದಿ ಬಂಡವಾಳ ಬಂದರೆ ಬಂಗಲೆ, ಕಾರು ಎಂದೆಲ್ಲ ಕನಸು ಕಾಣುತ್ತಾರಂತೆ. ನಾನು ಕಂಡದ್ದು ಬಿಸಿ ಅನ್ನದ ಕನಸು. ಫೋನು ಬೇರೆ ಯಾರದೋ ಮೇಜಿನ ಮೇಲೆ ಕಿರುಚುತ್ತಿದೆ, ನಾನು ಕೂತಲ್ಲೇ ಕೂತು ಮಜ್ಜಿಗೆಯವರೆಗೂ ಉಣ್ಣುತ್ತಿದ್ದೇನೆ.

ಮೆಹಬೂಬನಿಗೆ ಈ ವ್ಯವಹಾರವನ್ನು ವಿವರಿಸಲು ನಾನು ಅರ್ಧ ಗಂಟೆ ತಿಣುಕಿದೆ. ಅವನು ಕೇಳಿ, "ಅಂದ್ರ ಬಾವಿ ಊರಿಂದು, ಹಗ್ಗ ನಮ್ಮದು. ಅಷ್ಟಽ ಹೌದಲ್ರಿ?" ಎಂದ.

"ಹಗ್ಗಕ್ಕ ರೊಕ್ಕ ಕೇಳಿದ್ರ ಮಂದಿ ಬಾವಿಗೇ ಇಳದು ಕುಡೀತಾರೋ ಮಾರಾಯ" ಎಂದು ನಾನು ನನ್ನ ಸ್ವಭಾವಕ್ಕೆ ತಕ್ಕಂತೆ ಹೆದರಿದೆ.

"ಇಳೀಲಿ ಬಿಡ್ರಿ. ಮ್ಯಾಲೆ ಬರಾಕ ಹಗ್ಗ ಬೇಕಲ್ಲ?"

ಅವನ ಧೈರ್ಯ ನನಗೆ ಅಂಟಲಿಲ್ಲ. ಚಿಂತೆ ಮಾಡಲು ನನಗೆ ಕಾರಣ ಬೇಕಿಲ್ಲ, ಕೂರಲು ಜಾಗ ಸಿಕ್ಕರೆ ಸಾಕು. ಕುಷ್ಟಗಿಗೆ ಮದುವೆಗೆ ಹೊರಟರೆ ಅರ್ಧ ದಾರಿಯಲ್ಲಿ ಗ್ಯಾಸ್ ಬಂದ್ ಮಾಡಿದ್ದೇನೆಯೋ ಇಲ್ಲವೋ ಎಂದು ಬೆವರುವವನು ನಾನು. ಬಂಡವಾಳ ಬರದಿದ್ದರೆ ಏನು ಗತಿ ಎಂಬುದು ಬೆಳಗಿನ ಚಿಂತೆಯಾಯಿತು. ಬಂದುಬಿಟ್ಟರೆ ಏನು ಗತಿ ಎಂಬುದು ಸಂಜೆಯದು. ಬಂಡವಾಳ ಹಾಕಿದವರು ಸುಮ್ಮನೆ ಕೂರುತ್ತಾರೆಯೇ? ಕಂಪನಿ ಬೆಳೆಯಲಿ, ಇನ್ನೂ ಬೆಳೆಯಲಿ ಎನ್ನುತ್ತಾರೆ. ಗಂಗಾವತಿಯಲ್ಲಿ ಇರುವ ಮಿಲ್ಲುಗಳು ಇಷ್ಟೇ. ನಾನು ಹೊಸ ಮಿಲ್ಲು ಕಟ್ಟಿಸಲೇ, ಭತ್ತ ಬಿತ್ತಲೇ, ಕಾಲುವೆಗೆ ನೀರು ಬಿಡಿಸಲೇ? ಕೊನೆಗೆ ಕೊಪ್ಪಳಕ್ಕೆ ಹೋಗಿ ಪರಿಚಯದ ಆಡಿಟರ್ ಒಬ್ಬರನ್ನು ಕಂಡೆ. ಕಂಪನಿ ಹುಟ್ಟಿಸುವ ವಿಧಿವಿಧಾನ ಅವರಿಗೆ ಗೊತ್ತು. ಅವರು ಪೆನ್ನು ತೆಗೆದು, "ಕಂಪನಿ ಆಸ್ತಿ ಏನೈತ್ರಿ?" ಎಂದರು.

"ಒಂದು ಸಾಫ್ಟ್‌ವೇರ್ ಐತ್ರಿ."

"ಛಲೋ ಆತು. ಎಲ್ಲಿ ಐತಿ?"

"ಎಲ್ಲಾರ ಹತ್ರಾನೂ ಐತ್ರಿ."

"ಹಂಗಲ್ರಿ. ಮಾಲಕರು ಯಾರು ಅಂತ."

"ನಾನಽ. ಆದ್ರ ಯಾರು ಬೇಕಾದ್ರೂ ತಗೊಂಡು ಏನು ಬೇಕಾದ್ರೂ ಮಾಡಬಹುದು."

ಅವರು ಪೆನ್ನಿಗೆ ಟೊಪ್ಪಿಗೆ ಹಾಕಿ, ಚಹಾ ತರಿಸಿದರು. ಕುಡಿದು ಏಳುವಾಗ ನನ್ನ ಭುಜದ ಮೇಲೆ ಕೈಯಿಟ್ಟು, "ಮನ್ಯಾಗ ಎಲ್ಲಾ ಆರಾಮ ಅದಾರಲ್ರಿ?" ಎಂದು ಬಹಳ ಕಳಕಳಿಯಿಂದ ವಿಚಾರಿಸಿದರು.

ನಿವೇದಿತಾ ತಾವೇ ಬಂದು ನೋಡುವುದಾಗಿ ಹೇಳಿದರು. ಬಳಸುವವರ ಬಾಯಿಂದ ನಾಲ್ಕು ಮಾತು ಕೇಳಿದರೆ ಮೇಲಿನವರಿಗೆ ಒಪ್ಪಿಸುವುದು ಸುಲಭವಂತೆ. ಈ ಒಂದು ವಿಷಯದಲ್ಲಿ ಮಾತ್ರ ನನಗೆ ಚಿಂತೆಯಿರಲಿಲ್ಲ. ಸಿದ್ದಾಪುರದ ದಾರಿಯಲ್ಲಿ ಮಿಲ್ಲು ಇಟ್ಟಿರುವ ವೀರಭದ್ರಪ್ಪನವರು ಒಂದು ಮದುವೆಯ ಪಂಕ್ತಿಯಲ್ಲಿ ಎಲ್ಲರೆದುರು, "ಸರ್ರ ಕಾಟಾ ಇಲ್ಲಂದ್ರ ನಮ್ಮ ಮಿಲ್ಲಿಗೆ ಕಣ್ಣಽ ಇಲ್ರಿ" ಎಂದಿದ್ದರು. ಅವರ ಮಿಲ್ಲಿಗೇ ಕರೆದುಕೊಂಡು ಹೋದೆವು. ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪಿನ ಸುಬ್ಬಾರಾವ್ ಕೂಡ ಬಂದು ಕುಳಿತಿದ್ದರು. ಎರಡು ಮಿಲ್ಲುಗಳ ಧಣಿ, ಕನ್ನಡದಲ್ಲಿ ತೆಲುಗು ಬೆರೆಸಿ ಮಾತಾಡುವವರು. ಮಂಡಕ್ಕಿ ಮಿರ್ಚಿ ಬಂತು, ಚಹಾ ಬಂತು. ನಿವೇದಿತಾ ನಗುತ್ತ, "ಈ ಸಾಫ್ಟ್‌ವೇರ್ ನಿಮಗೆ ಹೇಗನಿಸಿದೆ ಸರ್?" ಎಂದು ಕೇಳಿದರು.

ವೀರಭದ್ರಪ್ಪನವರು ಮುಖ ಹಿಂಡಿದರು. "ಏನ್ ಹೇಳೂದ್ರಿ ಮೇಡಮರ. ಸರ್ರ ಎದುರಿಗೆ ಹೇಳಬಾರದು. ನಡೀತೈತಿ ಅಂದ್ರ ನಡೀತೈತಿ. ಮೋಡ ಆದ್ರ ಸಾಕು, ಬಂದ್ ಬೀಳ್ತೈತಿ."

ಮೋಡವಾದರೆ ಬಂದ್ ಬೀಳುವುದು ಕರೆಂಟು. ಅದನ್ನು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಸುಬ್ಬಾರಾವ್ ಶುರುಮಾಡಿದರು. "ಅಕ್ಷರ ಸಣ್ಣವು ಮೇಡಂ ಗಾರು, ಕಣ್ಣೇ ಹೋಯ್ತು. ನಮ್ದು ಎರಡು ಮಿಲ್ಲು. ಎರಡರಾಗೂ ಇದೇ ಗೋಳು."

"ಮೊದಲನೇ ಮಿಲ್ಲಲ್ಲಿ ಗೋಳಾಗಿದ್ರೆ ಎರಡನೇದಕ್ಕೆ ಯಾಕೆ ಹಾಕಿಸಿದ್ರಿ?"

ಸುಬ್ಬಾರಾವ್ ಮೇಲೆ ನೋಡಿದರು. "ಕರ್ಮ, ಮೇಡಂ."

"ಎಷ್ಟು ವರ್ಷದಿಂದ ಉಪಯೋಗಿಸ್ತಾ ಇದೀರಿ?"

"ಉಪಯೋಗ ಎಲ್ಲೀದ್ರಿ?" ಎಂದರು ವೀರಭದ್ರಪ್ಪ. "ಎಂಟು ವರ್ಸದಿಂದ ತಾಳಿಕೊಂಡು ಹೊಂಟೀವಿ. ಹೋದ ಸುಗ್ಗ್ಯಾಗ ಒಂದು ಲಾರಿ ಅರ್ಧಾ ತೂಕಾನಽ ತೋರಿಸ್ಲಿಲ್ಲ ನೋಡ್ರಿ."

ಆ ಲಾರಿಯ ಮುಂದಿನ ಗಾಲಿಗಳು ಕಾಟಾದ ಹಲಗೆಯಿಂದ ಆಚೆ, ಚಹಾದಂಗಡಿಯ ಕಡೆಗೆ ಮುಖಮಾಡಿ ನಿಂತಿದ್ದವು. ನಾನೇ ಹೋಗಿ ಹಿಂದಕ್ಕೆ ತೆಗೆಸಿ ಬಂದಿದ್ದೆ. ನಿವೇದಿತಾ ಎಲ್ಲವನ್ನೂ ಟ್ಯಾಬಿನಲ್ಲಿ ಬರೆದುಕೊಳ್ಳುತ್ತಿದ್ದರು. ನಾನು ಮೆಹಬೂಬನ ಕಡೆ ನೋಡಿದೆ. ಅವನು ಮಿರ್ಚಿ ಕೈಯಲ್ಲಿ ಹಿಡಿದು ಹಾಗೇ ಕುಳಿತಿದ್ದ. ಹೊರಗೆ ಬಂದ ಮೇಲೆ ಬಾಯಿಬಿಟ್ಟ. "ನಂದಽ ತಪ್ಪಾತು ಸರ್ರ. ನಿನ್ನಿ ನಾನ ಇವ್ರಿಗೆ ಹೇಳಿದ್ದೆ, ಬೆಂಗಳೂರಿಂದ ಕಂಪನಿಯವ್ರು ಬರ್ತಾರ, ಇನ್ನ ನಮ್ಮ ಕಾಟಾಕ್ಕ ರೇಟ್ ಆಗ್ತೈತಿ, ಸ್ವಲ್ಪ ಛಂದಾಗಿ ಮಾತಾಡ್ರಿ ಅಂತ."

ನನಗೆ ಎಲ್ಲ ಅರ್ಥವಾಯಿತು. ರೇಟು ಎಂಬ ಮಾತು ಕಿವಿಗೆ ಬಿದ್ದ ಮೇಲೆ ಗಂಗಾವತಿಯ ಸೀಮೆಯಲ್ಲಿ ಯಾರಾದರೂ ಮಾಲನ್ನು ಹೊಗಳುತ್ತಾರೆಯೇ? ಭತ್ತದ ರಾಶಿಯ ಮುಂದೆ ಕೊಳ್ಳುವವನು ನಿಲ್ಲುವ ಪರಿಯನ್ನು ಒಮ್ಮೆ ನೋಡಬೇಕು. ಒಂದು ಹಿಡಿ ತೆಗೆದು ಅಂಗೈಯಲ್ಲಿ ಉಜ್ಜುತ್ತಾನೆ, ಊದುತ್ತಾನೆ, ಒಂದು ಕಾಳನ್ನು ಹಲ್ಲಿಗೆ ಕೊಡುತ್ತಾನೆ. ಆಮೇಲೆ ಉಳಿದದ್ದನ್ನು ರಾಶಿಗೆ ಎಸೆದು, ಮನೆಯಲ್ಲಿ ಸಾವಾದವನ ಮುಖ ಮಾಡುತ್ತಾನೆ. ಹಸಿ ಐತಿ, ಜೊಳ್ಳು ಐತಿ, ನುಚ್ಚು ಭಾಳ ಬೀಳ್ತೈತಿ, ಇದನ್ಯಾರು ತಗೋತಾರ. ಯಾವ ರಾಶಿಯ ಮೇಲೆ ಮನಸ್ಸು ಕೂತಿದೆಯೋ ಅದಕ್ಕೆ ಹೆಚ್ಚು ಬೈಗುಳ. ಬೇಡವಾದ ರಾಶಿಯ ಮುಂದೆ ಮಾತ್ರ ಅವನ ಸೌಜನ್ಯ ಉಕ್ಕುತ್ತದೆ. "ಮಾಲು ಭಾಳ ಛಲೋ ಐತಿ" ಎಂದು ಬೆನ್ನುತಟ್ಟಿ ಮುಂದಿನ ರಾಶಿಗೆ ನಡೆಯುತ್ತಾನೆ. ವೀರಭದ್ರಪ್ಪನವರು ನನ್ನ ಕಾಟಾವನ್ನು ಅಷ್ಟು ಬೈದರೆಂದರೆ, ಎಷ್ಟಾದರೂ ಸರಿ ಅದನ್ನು ಕೊಂಡೇ ಕೊಳ್ಳುತ್ತೇವೆಂದು ತೀರ್ಮಾನಿಸಿಬಿಟ್ಟಿದ್ದಾರೆಂದೇ ಅರ್ಥ. ನನ್ನ ಎಂಟು ವರ್ಷದ ದುಡಿಮೆಗೆ ಅದಕ್ಕಿಂತ ದೊಡ್ಡ ಸನ್ಮಾನ ಸಿಕ್ಕಿರಲಿಲ್ಲ. ಸಿಕ್ಕಿದ್ದು ಮಾತ್ರ ಸಿಗಬಾರದವರ ಎದುರಿಗೆ.

ಸಾಣಾಪುರದ ಕೆರೆಯ ಹತ್ತಿರ ಊಟಕ್ಕೆ ಕೂತಾಗ ಇದನ್ನೆಲ್ಲ ನಿವೇದಿತಾ ಅವರಿಗೆ ಬಿಡಿಸಿ ಹೇಳಿದೆ. ನನ್ನ ದನಿಯಲ್ಲಿ ಅಂಗಲಾಚುವುದು ಸೇರಿಕೊಂಡಿದ್ದು ನನಗೇ ಕೇಳಿಸುತ್ತಿತ್ತು. ಬೈದದ್ದು ಹೊಗಳಿಕೆ ಎಂದು ಸಾಧಿಸಲು ಹೊರಟವನ ಪಾಡು ಯಾರಿಗೂ ಬೇಡ. ಫೇಲಾದ ಹುಡುಗನ ತಂದೆ ಬಂದು, ಅವನಿಗೆ ಎಲ್ಲ ಗೊತ್ತಿತ್ತು, ವಿನಯದಿಂದ ಬರೆಯಲಿಲ್ಲ ಎಂದ ಹಾಗೆ. ಅವರು ಗಮನವಿಟ್ಟು ಕೇಳಿ ನಕ್ಕರು. ಕೊಂಕು ನಗುವಲ್ಲ, ಒಳ್ಳೆಯ ನಗು. "ಹಾಗಾದ್ರೆ ಸರ್, ಅವರಿಗೆ ನಿಜವಾಗ್ಲೂ ಇಷ್ಟ ಇಲ್ಲದೇ ಹೋದ್ರೆ ಏನಂತಾರೆ?"

"ಭಾಳ ಛಲೋ ಐತಿ ಅಂತಾರೆ ಮೇಡಂ."

"ಇದನ್ನ ನಾನು ಆಫೀಸಲ್ಲಿ ಹೇಗೆ ಬರೀಲಿ ಹೇಳಿ" ಎಂದರು. ನಾನು ಹಪ್ಪಳ ಮುರಿದುಕೊಂಡೆ.

ಹೊರಡುವಾಗ ಕಾರಿನ ಬಾಗಿಲು ಹಿಡಿದು ನಿಂತು ಅವರು ಮನಸ್ಸು ತುಂಬಿ ಮಾತಾಡಿದರು. "ಸರ್, ಸುಮ್ನೆ ಹೇಳ್ತಿಲ್ಲ, ತುಂಬಾ ಒಳ್ಳೆ ಕೆಲಸ ಮಾಡಿದೀರಿ. ಎಷ್ಟು ಚೆನ್ನಾಗಿದೆ ಅಂದ್ರೆ…" ಎನ್ನುತ್ತಿದ್ದವರು ಅಲ್ಲಿಗೇ ನಿಂತರು. ನನ್ನ ಮುಖ ನೋಡಿದರು. ಅವರ ಕಿವಿ ಕೆಂಪಾಯಿತು. "ಅಯ್ಯೋ, ನಾನು ಆ ಅರ್ಥದಲ್ಲಿ ಹೇಳಲಿಲ್ಲ ಸರ್."

"ಇರಲಿ ಬಿಡಿ ಮೇಡಂ, ಗೊತ್ತಾಯಿತು" ಎಂದೆ. ಕಾರು ಹೋದ ಮೇಲೆ ಮೆಹಬೂಬ ಅದರ ಧೂಳು ನೋಡುತ್ತ, "ಮುಂದಿನ ರಾಶಿಗೆ ಹೋತು ಸರ್ರ" ಎಂದ. ಕೆಲವು ದಿನಗಳಲ್ಲಿ ಬೆಂಗಳೂರಿನಿಂದ ಉತ್ತರವೂ ಬಂತು. ಬಹಳ ಮರ್ಯಾದೆಯ ಉತ್ತರ. ಸಾಫ್ಟ್‌ವೇರು ಅತ್ಯುತ್ತಮವಾಗಿದೆಯಂತೆ. ನಾನು ಅಲ್ಲಿಂದ ಮುಂದೆ ಓದಲಿಲ್ಲ.

ಇಲ್ಲಿಗೇ ನಿಂತಿದ್ದರೆ ತಪ್ಪನ್ನು ಮೆಹಬೂಬನ ತಲೆಗೆ ಕಟ್ಟಿ ನಾನು ಹಾಯಾಗಿ ಇರಬಹುದಿತ್ತು. ಆದರೆ ಒಂದು ಭಾನುವಾರ ಬೆಳಿಗ್ಗೆ ವೀರಭದ್ರಪ್ಪನವರೂ ಸುಬ್ಬಾರಾವೂ ನಮ್ಮ ಮನೆಗೇ ಬಂದರು. ಸರೋಜಾ ಚಹಾ ಇಟ್ಟು ಒಳಗೆ ಹೋದಳು. "ಆ ಮೇಡಮ್ಮ ಒಲ್ಲೆ ಅಂದ್ರಂತ?" ಎಂದರು ವೀರಭದ್ರಪ್ಪ. ಹೌದೆಂದೆ.

"ಛಲೋ ಆತು ಬಿಡ್ರಿ. ನಮ್ಮ ಊರ ಕಾಟಾ ಬೆಂಗಳೂರಿಗ್ಯಾಕ? ನಾವ ಮಿಲ್ಲಿನವ್ರು ಕುಂತು ಮಾತಾಡೀವಿ. ಫೋನ್ ಎತ್ತಾಕ, ಬಂದು ನೋಡಾಕ ಒಬ್ಬ ತಿಳದಾಂವನ್ನ ಇಡೋಣು. ಪಗಾರ ನಾವ ಎಲ್ಲಾರೂ ಕೂಡಿ ಕೊಡ್ತೀವಿ. ನಿಮಗೂ ವರ್ಷಕ್ಕ ಇಷ್ಟು ಅಂತ. ನೀವ ಒಂದು ಮಾತು ಹೇಳ್ರಿ."

ಓದುಗರೇ, ನಾನು ಕೇಳಿದ್ದು ಇದನ್ನೇ ಅಲ್ಲವೇ? ಬಂಡವಾಳವಿಲ್ಲ, ಆಡಿಟರಿಲ್ಲ, ಬೆಳೆಯಬೇಕೆಂಬ ಹಟವಿಲ್ಲ. ಬಿಸಿ ಅನ್ನ ಮನೆಯ ಬಾಗಿಲಿಗೆ ತಾನೇ ನಡೆದು ಬಂದಿತ್ತು. ಅಡುಗೆಮನೆಯ ಬಾಗಿಲಲ್ಲಿ ಸರೋಜಾ ಕಣ್ಣಿನಲ್ಲೇ 'ಹೇಳ್ರಿ' ಎಂದು ಹೇಳುತ್ತಿದ್ದಳು. ಸುಬ್ಬಾರಾವ್ ಆಗಲೇ ಹುಬ್ಬು ಗಂಟಿಕ್ಕಿ, ನಾನು ಎಷ್ಟೇ ಹೇಳಲಿ ಬೈಯಲು ತಯಾರಾಗಿ ಕುಳಿತಿದ್ದರು. ಮಾರುವವನಾಗಿ ನಾನು ಮಾಡಬೇಕಾಗಿದ್ದು ಇಷ್ಟೇ: ನನ್ನ ಮಾಲನ್ನು ಎರಡು ಮಾತು ಹೊಗಳಿ ಒಂದು ರೇಟು ಹೇಳುವುದು.

ಬಾಯಿ ತೆರೆದೆ. ರೇಟಿನ ಬದಲು ನನ್ನ ಹಳೆಯ ಚಿಂತೆ ಹೊರಬಂತು. ರೊಕ್ಕ ತೆಗೆದುಕೊಳ್ಳುವವನು ಇರುವುದನ್ನು ಇದ್ದ ಹಾಗೆ ಹೇಳಬೇಕಲ್ಲ, ನಾಳೆ ಯಾರಾದರೂ ಕೇಳಿದರೆ? "ನೋಡ್ರಿ, ಮೊದಲ ಒಂದು ಮಾತು ಹೇಳಿಬಿಡ್ತೀನಿ. ಹಸಿ ಕಳಿಯೋ ಲೆಕ್ಕದಾಗ ಒಮ್ಮೊಮ್ಮೆ ಸ್ವಲ್ಪ ಹೆಚ್ಚು ಕಡಿಮಿ ಆಗ್ತೈತಿ" ಎಂದೆ. ಇಬ್ಬರೂ ಚಹಾದ ಬಸಿ ಕೆಳಗಿಟ್ಟರು. ನಾನು ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಕರೆಂಟು ಹೋದ ಗಳಿಗೆಯಲ್ಲಿ ತೂಗಿದ ಲಾರಿಯ ಲೆಕ್ಕ ಉಳಿಯುತ್ತದೆಂಬ ಭರವಸೆ ನನಗಿಲ್ಲ ಎಂದೆ. ಒಂದೇ ನಂಬರಿನ ಎರಡು ಚೀಟಿ ಬರುವ ಸಾಧ್ಯತೆಯನ್ನು ಉದಾಹರಣೆ ಸಹಿತ ವಿವರಿಸಿದೆ. ಅವರ ಮುಖದಲ್ಲಿ ಮೂಡುತ್ತಿದ್ದ ಆಸಕ್ತಿಯನ್ನು ನಾನು ಮೆಚ್ಚುಗೆ ಎಂದು ತಿಳಿದು ಇನ್ನಷ್ಟು ಆಳಕ್ಕೆ ಇಳಿದೆ. ಬಾಗಿಲಲ್ಲಿ ನೋಡಿದಾಗ ಸರೋಜಾ ಇರಲಿಲ್ಲ. ಒಳಗೆ ಪಾತ್ರೆಯೊಂದು ಬೇಕಾದದ್ದಕ್ಕಿಂತ ಜೋರಾಗಿ ಕೆಳಗೆ ಕೂತಿತು.

ವೀರಭದ್ರಪ್ಪನವರು, "ಇಷ್ಟೆಲ್ಲಾ ಐತೇನ್ರಿ ಸರ್ರ? ನಮಗ ಗೊತ್ತಽ ಇರಲಿಲ್ಲ ನೋಡ್ರಿ" ಎಂದರು. ಸುಬ್ಬಾರಾವ್ ಎದ್ದು ಟವೆಲು ಹೆಗಲಿಗೆ ಹಾಕಿಕೊಂಡರು. "ಮೊದ್ಲು ಅವೆಲ್ಲ ಸರಿ ಮಾಡ್ರಿ ಸಾರ್. ರೇಟು ಆಮೇಲೆ ಮಾತಾಡೋಣ. ತಪ್ಪು ತಿಳ್ಕೋಬ್ಯಾಡ್ರಿ."

ಅವರು ಹೋದ ಮೇಲೆ ಸರೋಜಾ ಬಂದು ಖಾಲಿ ಬಸಿಗಳನ್ನು ಎತ್ತಿಕೊಂಡಳು. "ಕೊಳ್ಳಾಕ ಬಂದವ್ರು ಬಯ್ಯಬೇಕು, ಮಾರೋರು ಹೊಗಳಬೇಕು. ಪಾಪ, ಅವ್ರಿಗ್ಯಾಕ ತ್ರಾಸ ಅಂತ ಅವ್ರ ಕೆಲಸಾನೂ ನೀವಽ ಮಾಡಿದ್ರಿ" ಎಂದಳು.

ಈಗ ಫೋನುಗಳು ಮೊದಲಿಗಿಂತ ಹೆಚ್ಚಾಗಿವೆ. ಮೊದಲು ಕಾಟಾ ನಿಂತಾಗ ಮಾತ್ರ ಕರೆಯುತ್ತಿದ್ದರು. ಈಗ ಕಾಟಾ ಚೆನ್ನಾಗಿ ನಡೆಯುತ್ತಿರುವಾಗಲೂ ಕರೆದು, "ಸರ್ರ, ಆ ಹಸಿ ಲೆಕ್ಕದ್ದು ಸರಿ ಆತೇನ್ರಿ?" ಎಂದು ವಿಚಾರಿಸುತ್ತಾರೆ. ಸುದ್ದಿ ಸಿದ್ದಾಪುರ ದಾಟಿ ಹೋಗಿದೆ. ಎಂಟು ವರ್ಷ ಯಾರ ಕಣ್ಣಿಗೂ ಬೀಳದ ತಪ್ಪುಗಳು ಈಗ ಎಲ್ಲರ ಬಾಯಲ್ಲಿವೆ, ಅದೂ ನಾನು ವಿವರಿಸಿದ ಉದಾಹರಣೆಗಳ ಸಮೇತ. ಕಾಲೇಜಿನಿಂದ ಬಂದು ಒಂದೊಂದನ್ನೇ ತಿದ್ದುತ್ತ ಕೂರುತ್ತೇನೆ, ಎಂದಿನಂತೆ ಬಿಟ್ಟಿಯಾಗಿ. ಕೆಲಸ ಬೇಸರವೆನಿಸುವುದಿಲ್ಲ. ಬೇಸರ ಬೇರೆಯೇ ಒಂದಿದೆ. ಆ ದಿನ ಅಷ್ಟು ಹೇಳಿದರೂ ಒಂದು ತಪ್ಪನ್ನು ಹೇಳುವುದು ಮರೆತಿದ್ದೆ. ಅದು ದೊಡ್ಡದೇನಲ್ಲ, ಯಾರಿಗೂ ಗೊತ್ತಾಗುವಂಥದ್ದೂ ಅಲ್ಲ. ಆದರೂ ವೀರಭದ್ರಪ್ಪನವರಿಗೆ ನಾನೇ ಫೋನು ಮಾಡಿ ತಿಳಿಸಿಬಿಟ್ಟರೆ ಮನಸ್ಸಿಗೆ ಸಮಾಧಾನವಾದೀತೆಂದು ಕಾಣುತ್ತದೆ. ಸರೋಜಾ ತರಕಾರಿಗೆ ಹೋಗುವುದನ್ನೇ ಕಾಯುತ್ತಿದ್ದೇನೆ.